ಗಂಜಿನಿಂದ ಸ್ಕೌರ್ ವಾಲ್ವಿನವರೆಗೆ: ಕೊಳವೆ ತೊಳೆಯುವ ಚರಿತ್ರೆ, ಸಂಖದ ಕಡೆಯಿಂದ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ.)

ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ. ನಾನು ಮಾತಾಡ್ತಾ ಇರೋದು ಸಂಖದಿಂದ. ಸಾಂಗಲಿ ಜಿಲ್ಲೆ, ಜತ್ತ ತಾಲೂಕು. ನಡುವೆ ಕರೆಂಟ್ ಹೋದರೆ ಮಾತು ನಿಂತೀತು, ಕ್ಷಮಿಸಬೇಕು. ವಿಷಯಗಳ ಪಟ್ಟಿಯಲ್ಲಿ ನನ್ನ ಪ್ರಬಂಧದ ಹೆಸರು ನೋಡಿ ಇಬ್ಬರು ಗೆಳತಿಯರು ನಿನ್ನೇನೇ ಫೋನ್ ಮಾಡಿದ್ರು: "ಕನ್ನಡ ಎಂ.ಎ. ಓದಾಕಿಗೆ ನೀರಿನ ಪೈಪಿನ ಉಸಾಬರಿ ಯಾಕ?" ಹತ್ತು ವರ್ಷ ಕೊಡ ಹೊತ್ತವಳಿಗೆ ಆ ಉಸಾಬರಿ ಇರಲೇಬೇಕು ಅಂತ ಹೇಳಿದೆ. ಅದು ನಗೆಯ ಉತ್ತರ. ಖರೇ ಉತ್ತರ ಈ ಪ್ರಬಂಧದಲ್ಲಿದೆ.

ನಮ್ಮ ಮನೆಯಲ್ಲಿ ನಳಕ್ಕೆ ನೀರು ಬಂದ ದಿನ ಆಯಿ ಹೇಳುವ ಮೊದಲ ಮಾತು ಯಾವಾಗಲೂ ಒಂದೇ: "ಮೊದ್ಲಿನ ನೀರ ಹಿಡೀಬ್ಯಾಡ, ಬಿಡು." ನಳ ಮೊದಲು ಬುಸುಗುಟ್ಟುತ್ತದೆ. ಗಾಳಿ ಬರುತ್ತದೆ, ಆಮೇಲೆ ಕೆಂಪು ಕೆಂಪಾದ ನೀರು. ಅದು ಎಮ್ಮೆಯ ಬಾನಿಗೆ. ಆಮೇಲಿನದು ಬಚ್ಚಲದ ಹಂಡೆಗೆ. ಅದಾದ ಮೇಲೆ ಬಟ್ಟೆ ಕಟ್ಟಿದ ತಾಮ್ರದ ಕೊಡಕ್ಕೆ. ಈ ಕ್ರಮ ತಪ್ಪಿದರೆ ಬೈಗಳ ಗ್ಯಾರಂಟಿ. ಇದನ್ನು ನಾನು ಬಹಳ ದಿನ ಮಡಿಯ ಲೆಕ್ಕದಲ್ಲಿ ಇಟ್ಟಿದ್ದೆ, ಮುದುಕಿಯ ಹಟ ಅಂತ. ಅದು ಹಟವಲ್ಲ, ಒಂದು ತಂತ್ರಜ್ಞಾನ ಅಂತ ಗೊತ್ತಾದದ್ದು ಬಹಳ ತಡವಾಗಿ.

ಮೊದಲು ಶಬ್ದಗಳ ಮಾತು, ಯಾಕಂದರೆ ನನ್ನ ಶಿಸ್ತು ಅದೇ. ಕೆರೆಯನ್ನು ಚೊಕ್ಕ ಮಾಡುವುದಕ್ಕೆ ಕನ್ನಡದಲ್ಲಿ ಶಬ್ದಗಳ ರಾಶಿಯೇ ಇದೆ. ಹೂಳು, ಹೂಳೆತ್ತು, ತೂಬು, ಕೋಡಿ. ಶಾಸನಗಳಿಗೆ ಹೋದರೆ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಬಂಡಿ. ಕೆರೆಬಂಡಿ ಅಂದರೆ ಹೂಳು ಹೊರುವ ಬಂಡಿ. ಆ ಬಂಡಿ ನಡೆಯಲಿ ಅಂತ ಭೂಮಿ ದತ್ತಿ ಬಿಟ್ಟ ಶಾಸನಗಳು ಕರ್ನಾಟಕದಲ್ಲಿ ಸಾಕಷ್ಟು ಸಿಗುತ್ತವೆ. ಕೆರೆ ಕಟ್ಟಿಸಿದರೆ ಪುಣ್ಯ ಅಂತ ಎಲ್ಲರಿಗೂ ಗೊತ್ತು. ಕಟ್ಟಿಸಿದ ಮೇಲೆ ವರ್ಷವರ್ಷ ಅದರ ಹೊಟ್ಟೆ ತೊಳೆಯೋರು ಯಾರು, ಅವರ ಊಟಕ್ಕೆ ಏನು ಅಂತ ಲೆಕ್ಕ ಹಾಕಿದವರ ಬಗ್ಗೆ ನಾವು ಕ್ಲಾಸಿನಲ್ಲಿ ಕಡಿಮೆ ಮಾತಾಡ್ತೇವೆ. ಬಿತ್ತುವಟ್ಟ ಎಂಬ ಶಬ್ದದ ಒಳಗೆ ಒಂದು ನಿರ್ವಹಣಾ ಬಜೆಟ್ಟೇ ಕೂತಿದೆ ಅಂದರೆ ಅತಿಶಯವಾಗಲಿಕ್ಕಿಲ್ಲ.

ಆದರೆ ನೆಲದೊಳಗಿನ ಕೊಳವೆಯನ್ನು ತೊಳೆಯುವುದಕ್ಕೆ ಬಳಕೆಯಲ್ಲಿ ಒಂದು ಶಬ್ದ ಇಲ್ಲ. ಎಂಜಿನಿಯರು 'ಫ್ಲಶಿಂಗ್' ಅಂತಾರೆ, ನಮ್ಮ ಪಂಚಾಯತಿಯ ಕಾಗದದಲ್ಲಿ ಮರಾಠಿ ಇರುತ್ತದೆ, ನೀರು ಬಿಡಾಂವ "ಪೈಪ್ ಸಾಫ್ ಮಾಡೋದು" ಅಂತಾನೆ. ಆಯಿ ಮಾತ್ರ ಒಂದು ಸಲ ಅಂದಳು, "ಪೈಪ್ ಒಮ್ಮೆ ಗಲಬರಸ್ಬೇಕು ನೋಡವಾ." ಗಲಬರಿಸು ಅಂದರೆ ಪಾತ್ರೆಗೆ ನೀರು ಹಾಕಿ ಅಲುಗಿಸಿ ಚೆಲ್ಲುವುದು. ಒಳಗೆ ಕೈ ಹೋಗದ ಪಾತ್ರೆಗೇ ಆ ಕ್ರಿಯೆ ಹೆಚ್ಚು. ಕೊಳವೆಯೂ ಕೈ ಹೋಗದ ಪಾತ್ರೆಯೇ ಅಲ್ಲವೇ? ಹೀಗಾಗಿ ಈ ಪ್ರಬಂಧದಲ್ಲಿ ನಾನು ಆಯಿಯ ಶಬ್ದವನ್ನೇ ಬಳಸ್ತೇನೆ.

ಈಗ ಬಿಜಾಪುರಕ್ಕೆ ಹೋಗೋಣ. 2014ರಿಂದ ಅದರ ಅಧಿಕೃತ ಹೆಸರು ವಿಜಯಪುರ. ನಮ್ಮೂರಲ್ಲಿ ಇನ್ನೂ ಬಿಜಾಪುರವೇ. ಸಂಖದವರಿಗೆ ನಮ್ಮ ಜಿಲ್ಲಾ ಕೇಂದ್ರ ಸಾಂಗಲಿಗಿಂತ ಅದು ಹತ್ತಿರ. ದವಾಖಾನೆಗೆ, ಮದುವೆ ಜವಳಿಗೆ ನಾವು ಹೋಗೋದು ಅಲ್ಲಿಗೇ.

ಆದಿಲಶಾಹಿಗಳ ಈ ರಾಜಧಾನಿಗೆ ದೊಡ್ಡ ನದಿಯಿಲ್ಲ. ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ (1558–1580) ಪಶ್ಚಿಮದ ತೊರವಿಯಿಂದ ನೆಲದೊಳಗಿನ ಕಾಲುವೆಯಲ್ಲಿ ಊರಿಗೆ ನೀರು ತಂದರು. ಸುರಂಗ ಬಾವಡಿ ಇವತ್ತಿಗೂ ಅದರ ಗುರುತು. ಆಮೇಲೆ 1651ರಲ್ಲಿ, ಗೋಳಗುಮ್ಮಟದ ಮುಹಮ್ಮದ್ ಆದಿಲಶಾಹನ ಆಳ್ವಿಕೆಯಲ್ಲಿ, ಊರ ದಕ್ಷಿಣಕ್ಕೆ ಬೇಗಂ ತಲಾಬ್ ಆಯಿತು. ಸುಮಾರು 234 ಎಕರೆ ಕೆರೆ. ಕೆರೆಯ ಬಲಭಾಗದಲ್ಲಿ ನೆಲಮಾಳಿಗೆಯಂಥ ಒಂದು ಕೋಣೆ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳು, ಸುತ್ತ ಗಾರೆಯ ಕವಚ, 15 ಅಡಿಯಿಂದ 50 ಅಡಿ ಆಳದಲ್ಲಿ ಊರಿನತ್ತ ಹೊರಡುತ್ತವೆ.

ಮಣ್ಣಿನ ಕೊಳವೆಗೆ ಎರಡು ಭಯ. ಒಂದು, ನೀರಿನ ಒತ್ತಡ ಹೆಚ್ಚಾದರೆ ಒಡೆಯುತ್ತದೆ. ಎರಡು, ಕೆರೆಯಿಂದ ಬಂದ ಮಣ್ಣು ಒಳಗೆ ಕೂತರೆ ಕಟ್ಟಿಕೊಳ್ಳುತ್ತದೆ. 50 ಅಡಿ ಆಳದಲ್ಲಿ ಕಟ್ಟಿದ ಕೊಳವೆಯನ್ನು ಎಲ್ಲಿ ಅಂತ ಅಗೀತೀರಿ? ಈ ಎರಡೂ ಭಯಕ್ಕೆ ಅವರು ಕೊಟ್ಟ ಉತ್ತರವೇ ಗಂಜ್. ರಾಯಚೂರು, ಕಲಬುರ್ಗಿ ಕಡೆಯವರು ಗಂಜ್ ಅಂದಕೂಡಲೇ ಕಾಳಿನ ಪೇಟೆ ಅಂದ್ಕೋತೀರಿ. ಬಿಜಾಪುರದಲ್ಲಿ ಅದು ನೀರಿನ ಗೋಪುರ. 25ರಿಂದ 40 ಅಡಿ ಎತ್ತರದ ಕಲ್ಲಿನ ಗೋಪುರಗಳು, ಕೊಳವೆಯ ದಾರಿಯುದ್ದಕ್ಕೂ ಅಲ್ಲಲ್ಲಿ. ಕೊಳವೆಯ ನೀರು ಗೋಪುರದೊಳಗೆ ತನ್ನ ಮಟ್ಟದವರೆಗೆ ತಾನೇ ಏರುತ್ತದೆ. ಒತ್ತಡ ಅಲ್ಲಿ ಸಡಿಲಾಗುತ್ತದೆ, ಸಿಕ್ಕಿಕೊಂಡ ಗಾಳಿ ಮೇಲೆ ಹೋಗುತ್ತದೆ. ಓಡುತ್ತ ಬಂದ ನೀರು ಅಗಲವಾದ ಜಾಗ ಸಿಕ್ಕಕೂಡಲೇ ನಿಧಾನ ಆಗುತ್ತದೆ, ನಿಧಾನವಾದಕೂಡಲೇ ಹೊತ್ತು ತಂದ ಮಣ್ಣನ್ನು ಕೆಳಗೆ ಬಿಡುತ್ತದೆ. ಕೆಸರು ಬುಡದಲ್ಲಿ ಉಳಿದು ತಿಳಿನೀರು ಮುಂದೆ ಹೋಗುತ್ತದೆ.

ಇದನ್ನು ಇವತ್ತಿನ ಭಾಷೆಗೆ ತಂದರೆ ಮೂರು ಬೇರೆ ಬೇರೆ ಉಪಕರಣಗಳು ಒಂದೇ ಗೋಪುರದಲ್ಲಿವೆ: ಒತ್ತಡ ಇಳಿಸುವ ವಾಲ್ವ್, ಏರ್ ವಾಲ್ವ್, ಹೂಳಿನ ತೊಟ್ಟಿ. ಓಡಾಡುವ ಭಾಗ ಒಂದೂ ಇಲ್ಲ. ತುಕ್ಕು ಹಿಡಿಯೋಕೆ, ಕಳುವಾಗೋಕೆ ಏನೂ ಇಲ್ಲ. ಪ್ರವಾಸಿ ಪುಸ್ತಕಗಳಲ್ಲಿ ಗುಮ್ಮಟಕ್ಕೆ ನಾಲ್ಕು ಪುಟ, ಗಂಜಿಗೆ ನಾಲ್ಕು ಸಾಲು. ನನ್ನನ್ನು ಕೇಳಿದರೆ ಲೆಕ್ಕ ತಿರುಗಾಮುರುಗಾ ಆಗಬೇಕಿತ್ತು.

ಹೊಗಳಿಕೆ ಇಲ್ಲಿಗೆ ನಿಲ್ಲಲಿ. ಬುಡದಲ್ಲಿ ಕೂತ ಕೆಸರು ತಾನಾಗಿ ಎದ್ದು ಹೋಗುವುದಿಲ್ಲ. ಯಾರೋ ಒಬ್ಬ ಆ ಕತ್ತಲೆಯೊಳಗೆ ಇಳಿಯಲೇಬೇಕು. ಅವನ ಹೆಸರಿನ ಶಾಸನ ಇಲ್ಲ. ರೋಮಿನ ಕಥೆಯೂ ಇಷ್ಟೇ. ಕ್ರಿ.ಶ. 97ರಲ್ಲಿ ಚಕ್ರವರ್ತಿ ನೆರ್ವಾ ರೋಮಿನ ನೀರಿನ ಮೇಲ್ವಿಚಾರಣೆಗೆ ಫ್ರಾಂಟಿನಸ್ ಎಂಬುವನನ್ನು ನೇಮಿಸಿದ. ಅವನು ನಾಲೆಗಳ ಬಗ್ಗೆ, ಹೂಳು ಇಳಿಸುವ ತೊಟ್ಟಿಗಳ ಬಗ್ಗೆ, ನೀರು ಕದಿಯುವವರ ಬಗ್ಗೆ ಪುಸ್ತಕವನ್ನೇ ಬರೆದ. ಮೇಲ್ವಿಚಾರಕನ ಹೆಸರು ಉಳಿಯಿತು. ತೊಟ್ಟಿಗೆ ಇಳಿದ ಗುಲಾಮನದು ಉಳಿಯಲಿಲ್ಲ.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಬಿಜಾಪುರ ಬಿತ್ತು. ರಾಜಧಾನಿ ಹೋದ ಮೇಲೆ ಜನ ಹೋದರು, ಕೊಳವೆ ನೋಡಿಕೊಳ್ಳುವ ಕೆಲಸವೂ ಹೋಯಿತು. ಗಂಜುಗಳು ಇವತ್ತೂ ಊರಲ್ಲಿ ಅಲ್ಲಲ್ಲಿ ನಿಂತಿವೆ. ನಾನು ಹೋದಾಗ ಒಂದರ ಬುಡಕ್ಕೆ ಆಡು ಕಟ್ಟಿದ್ದರು.

ನಮ್ಮ ತಾಲೂಕಿನದೇ ಒಂದು ಪ್ರಸಂಗ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಜತ್ತದ ಹತ್ತಿರ ಉಮರಾಣಿ ಅಂತ ಊರಿದೆ. 1673ರ ಏಪ್ರಿಲ್‌ನಲ್ಲಿ ಬಿಜಾಪುರದ ಸರದಾರ ಬಹಲೋಲ್ ಖಾನನ ಸೈನ್ಯವನ್ನು ಮರಾಠರ ಸೇನಾಪತಿ ಪ್ರತಾಪರಾವ ಗುಜರ ಅಲ್ಲಿ ಸುತ್ತುಗಟ್ಟಿದ. ಕತ್ತಿಗಿಂತ ದೊಡ್ಡ ಆಯುಧ ಅಲ್ಲಿ ನೀರು. ಸೈನ್ಯಕ್ಕೂ ನೀರಿನ ತಾಣಕ್ಕೂ ನಡುವೆ ಮರಾಠರು ನಿಂತುಬಿಟ್ಟರು. ಏಪ್ರಿಲ್ ತಿಂಗಳ ಜತ್ತದ ಬಿಸಿಲು ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಖಾನ ಶರಣು ಬಂದ. ಅವನನ್ನು ಬಿಟ್ಟು ಕಳಿಸಿದ್ದಕ್ಕೆ ಶಿವಾಜಿ ಮಹಾರಾಜರು ಸೇನಾಪತಿಯ ಮೇಲೆ ಸಿಟ್ಟಾದದ್ದು ಬೇರೆ ಕಥೆ. ಈ ನೆಲದಲ್ಲಿ ನೀರನ್ನು ಚೆಲ್ಲುವುದು ಅನ್ನೋ ಮಾತು ಬಾಯಲ್ಲಿ ಬರೋದೇ ಕಷ್ಟ ಅಂತ ತಿಳಿಸೋಕೆ ಇಷ್ಟು ಹೇಳಿದೆ. ಯಾಕಂದರೆ ಕೊಳವೆ ಗಲಬರಿಸೋದು ಅಂದರೆ ನೀರು ಚೆಲ್ಲೋದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೀಡುಕಬ್ಬಿಣದ ಕೊಳವೆ ಬಂತು. ಒತ್ತಡದ ಭಯ ಹೋಯಿತು, ತುಕ್ಕಿನ ಭಯ ಬಂತು. ಒಳಮೈಯಲ್ಲಿ ತುಕ್ಕಿನ ಗಂಟುಗಳು ಬೆಳೆದು ಕೊಳವೆಯ ಬಾಯಿ ವರ್ಷ ಹೋದಂತೆ ಸಣ್ಣದಾಗುತ್ತದೆ. ಇಂಗ್ಲೆಂಡಿನ ಟಾರ್ಕೀ ಪಟ್ಟಣದಲ್ಲಿ 1860ರ ದಶಕದಲ್ಲಿ ಇದಕ್ಕೊಂದು ಯಂತ್ರ ಮಾಡಿದರು. ಕೊಳವೆಯೊಳಗೆ ಇಟ್ಟರೆ ಹಿಂದಿನ ನೀರಿನ ಒತ್ತಡವೇ ಅದನ್ನು ತಳ್ಳಿಕೊಂಡು ಹೋಗುತ್ತದೆ, ಅದು ಗೋಡೆಯನ್ನು ಕೆರೆಯುತ್ತ ಸಾಗುತ್ತದೆ. ಅದರ ಮೊಮ್ಮಕ್ಕಳನ್ನು ಇವತ್ತು 'ಪಿಗ್' ಅಂತಾರೆ, ಅಂದರೆ ಹಂದಿ. ಈಗ ಹೆಚ್ಚಾಗಿ ಫೋಮಿನವು. ಇಂಗ್ಲೆಂಡಿನದೇ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋಗಿ ನುಣುಪು ಮಂಜಿನ ಕೆಸರನ್ನೇ ಕೊಳವೆಗೆ ತುಂಬಿ ತಳ್ಳುವ ವಿಧಾನ ಮಾಡಿದ್ದಾರೆ. ಸಿಕ್ಕಿಕೊಂಡರೆ ಚಿಂತೆಯಿಲ್ಲ, ಕರಗಿ ಹೋಗುತ್ತದೆ. ಇದನ್ನು ಆಯಿಗೆ ಹೇಳಿದೆ. "ಕುಡಿಯಾಕ ನೀರಿಲ್ಲ, ಪೈಪಿಗೆ ಬರ್ಫ ಹಾಕ್ತಾರಂತ" ಅಂತ ನಕ್ಕಳು.

ನಮ್ಮಂಥ ಊರುಗಳಿಗೆ ಬಂದ ಉಪಕರಣ ಇವೆಲ್ಲಕ್ಕಿಂತ ಸರಳ: ಸ್ಕೌರ್ ವಾಲ್ವ್. ಕೆಲವರು ವಾಶ್‌ಔಟ್ ಅಂತಾರೆ. ಕೊಳವೆಯ ದಾರಿ ಎಲ್ಲಿ ತಗ್ಗಿಗೆ ಇಳಿಯುತ್ತದೋ ಅಲ್ಲಿ, ಮತ್ತು ಎಲ್ಲಿ ಮುಗಿಯುತ್ತದೋ ಅಲ್ಲಿ, ಒಂದು ಕವಲು ಕೊಟ್ಟು ವಾಲ್ವ್ ಹಾಕುತ್ತಾರೆ. ತೆರೆದರೆ ಹೂಳು ಸಮೇತ ನೀರು ಹೊರಗೆ. ಏರಿನಲ್ಲಿ ಏರ್ ವಾಲ್ವ್, ಇಳಿಜಾರಿನ ತಳದಲ್ಲಿ ಸ್ಕೌರ್ ವಾಲ್ವ್. ಗಂಜಿನ ತಲೆ ಒಂದು ಕಡೆ, ಬುಡ ಒಂದು ಕಡೆ ಹರಿದು ಹಂಚಿಕೊಂಡ ಹಾಗೆ. ಅಮೆರಿಕದ ಊರುಗಳಲ್ಲಿ ಬೆಂಕಿ ಆರಿಸುವ ಹೈಡ್ರಂಟುಗಳನ್ನೇ ತೆರೆದು ಓಣಿ ಓಣಿಯ ಕೊಳವೆ ತೊಳೆಯುತ್ತಾರೆ. ಕೊನೆಯ ತುದಿಗಳಲ್ಲಿ ಗಡಿಯಾರ ಕಟ್ಟಿದ ಯಂತ್ರ ಇಟ್ಟು, ರಾತ್ರಿ ತಾನೇ ತೆರೆದು ತಾನೇ ಮುಚ್ಚುವ ಹಾಗೆ ಮಾಡಿರುತ್ತಾರೆ. ಕೊನೆಯ ತುದಿಯಲ್ಲೇ ಯಾಕೆ? ಅಲ್ಲಿ ನೀರು ಮುಂದೆ ಹೋಗುವ ದಾರಿಯಿಲ್ಲದೆ ನಿಲ್ಲುತ್ತದೆ. ನಿಂತ ನೀರಲ್ಲಿ ಕ್ಲೋರಿನ್ ಸತ್ತುಹೋಗುತ್ತದೆ. ಕುಡಿಯುವ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಭಾರತದ ಮಾನಕ ಹೇಳುತ್ತದೆ. ಟಾಕಿಯ ಬುಡದಲ್ಲಿ ಅಳೆದರೆ ಅದು ಇರುತ್ತದೆ. ಅಳೆಯಬೇಕಾದ್ದು ಕೊನೆಯ ನಳದಲ್ಲಿ.

ಈಗ ಲೆಕ್ಕ. ನಾಲ್ಕಿಂಚಿನ, ಅಂದರೆ 100 ಮಿಲಿಮೀಟರ್ ವ್ಯಾಸದ ಪೈಪು, ಉದ್ದ 100 ಮೀಟರ್ ಅಂತ ಇಟ್ಕೊಳ್ಳಿ. ನಮ್ಮ ಒಂದು ಓಣಿ. ಅದರ ಹೊಟ್ಟೆಯಲ್ಲಿ ಹಿಡಿಯುವ ನೀರು ಸುಮಾರು 785 ಲೀಟರ್. ಕೂತ ಹೂಳು ಏಳಬೇಕಾದರೆ ನೀರು ಸೆಕೆಂಡಿಗೆ ಮುಕ್ಕಾಲು ಮೀಟರಿಗಿಂತ ಜೋರಾಗಿ ಓಡಬೇಕು, ಒಂದೂವರೆ ಮೀಟರ್ ಓಡಿದರೆ ಒಳ್ಳೆಯದು. ಮೆಲ್ಲಗೆ ಬಿಟ್ಟರೆ ಮೇಲಿನ ತಿಳಿನೀರು ಹೋಗುತ್ತದೆ, ಹೂಳು ಅಲ್ಲೇ ಮಲಗಿರುತ್ತದೆ. ಪೈಪಿನ ಹೊಟ್ಟೆ ಮೂರು ಸಲವಾದರೂ ಬದಲಾಗಬೇಕು ಅನ್ನೋದು ರೂಢಿ. ಅಂದರೆ ಸುಮಾರು 2,350 ಲೀಟರ್. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬಿಟ್ಟರೆ ಐದು ನಿಮಿಷದ ಕೆಲಸ.

ಆ ಐದು ನಿಮಿಷದಲ್ಲಿ 15 ಲೀಟರಿನ 156 ಕೊಡ ಗಟಾರಕ್ಕೆ ಹೋಗುತ್ತವೆ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಗೊತ್ತು ಮಾಡಿದೆ. ಆ ಲೆಕ್ಕದಲ್ಲಿ ಒಂದು ಓಣಿಯ ಪೈಪು ಒಮ್ಮೆ ಗಲಬರಿಸಲು 42 ಮಂದಿಯ ಒಂದು ದಿನದ ನೀರು ಬೇಕು. ಟ್ಯಾಂಕರಿನ ಹಿಂದೆ ಓಡುವ ಬೇಸಿಗೆಯಲ್ಲಿ ಯಾವ ಸರಪಂಚ ವಾಲ್ವ್ ತೆರೆದಾನು? ತೆರೆದರೆ ಬೈಗಳು ತಕ್ಷಣ ಬೀಳುತ್ತವೆ. ತೆರೆಯದಿದ್ದರೆ ರೋಗ ಬರುತ್ತದೆ, ಆದರೆ ಅದು ಮಳೆಗಾಲದಲ್ಲಿ, ಮತ್ತು ಯಾರ ಹೆಸರಿಗೂ ಬರುವುದಿಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನನ್ನ ತಮ್ಮನಿಗೆ ಕಾಮಣಿ ಆಯಿತು. ನಮ್ಮದು ಓಣಿಯ ಕೊನೆಯ ಮನೆ. ಅದೇ ತಿಂಗಳು ನಮ್ಮ ಓಣಿಯಲ್ಲಿ ಮತ್ತೆ ಮೂವರಿಗೆ. ನೀರಿಂದಲೇ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ, ಹೀಗಾಗಿ ನಾನೂ ಹಾಗೆ ಸಾಧಿಸಲಾರೆ. ತಮ್ಮ ಉಳಿದ. ಆಯಿ ಮೊದಲ ನೀರು ಬಿಡುವ ಹೊತ್ತು ಮಾತ್ರ ಆ ವರ್ಷದಿಂದ ಇನ್ನೂ ಉದ್ದವಾಯಿತು.

ಆಯಿಯ ಪರವಾಗಿ ಸಾಕ್ಷಿ ಸಿಕ್ಕದ್ದು ಹುಬ್ಬಳ್ಳಿ-ಧಾರವಾಡದಿಂದ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಅಲ್ಲಿ, ಹಾಗೆಯೇ ಬೆಳಗಾವಿ, ಕಲಬುರ್ಗಿಗಳಲ್ಲಿ, ಕೆಲವು ವಲಯಗಳಿಗೆ 24 ಗಂಟೆ ನೀರು ಕೊಡಲು ಶುರು ಮಾಡಿದರು. ಉಳಿದ ಊರಿಗೆ ಕೆಲವು ದಿನಗಳಿಗೊಮ್ಮೆ, ಕೆಲವೇ ಗಂಟೆ. ಒಂದೇ ಊರು, ಎರಡು ಪದ್ಧತಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಳಗಳ ನೀರು ಹಿಡಿದು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಮಲದ ಗುರುತಾದ ಇ. ಕೊಲೈ ಬ್ಯಾಕ್ಟೀರಿಯಾ 24 ಗಂಟೆಯ ವಲಯದಲ್ಲಿ ಪ್ರತಿಶತ 0.7 ಮಾದರಿಗಳಲ್ಲಿ, ಬಿಟ್ಟು ಬಿಟ್ಟು ಬರುವ ವಲಯದಲ್ಲಿ ಪ್ರತಿಶತ 31.7 ಮಾದರಿಗಳಲ್ಲಿ. ಮರುವರ್ಷದ ಇನ್ನೊಂದು ಲೇಖನದಲ್ಲಿ ಕಾರಣ ಹುಡುಕಿದರು. ನೀರು ನಿಂತಾಗ ಖಾಲಿ ಕೊಳವೆ ಬಿರುಕುಗಳಿಂದ ಸುತ್ತಲಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ, ನೀರು ಮತ್ತೆ ಬಂದಾಗ ಆ ರಭಸಕ್ಕೆ ಗೋಡೆಗೆ ಅಂಟಿದ್ದೆಲ್ಲ ಕಿತ್ತುಬರುತ್ತದೆ. ಮೊದಲ ನೀರೇ ಎಲ್ಲಕ್ಕಿಂತ ಕೆಟ್ಟದ್ದು. ಓದುವಾಗ ನನಗೆ ಆಯಿಯ ಧ್ವನಿ ಕೇಳಿಸಿತು. ಹಾಗಂತ 24 ಗಂಟೆಯ ನೀರು ಬಂದಕೂಡಲೇ ಎಲ್ಲ ರೋಗ ಹೋಗಲಿಲ್ಲ. ಅದೇ ಊರಿನ ಮೇಲೆ 2015ರಲ್ಲಿ ಬಂದ ಅಧ್ಯಯನದಲ್ಲಿ ಚಿಕ್ಕ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಬಡಮನೆಗಳಲ್ಲಿ ರಕ್ತಭೇದಿ, ಒಟ್ಟು ಮನೆಗಳಲ್ಲಿ ವಿಷಮಜ್ವರ ಕಡಿಮೆಯಿತ್ತು.

ಇಲ್ಲಿ ನನ್ನ ತಕರಾರು ಇದೆ. ಬಿಟ್ಟು ಬಿಟ್ಟು ಬರುವ ನೀರಿನ ಊರಲ್ಲಿ ಕೊಳವೆಯನ್ನು ಗಲಬರಿಸುವ ಕೆಲಸ ನಡೆದೇ ನಡೆಯುತ್ತದೆ. ಅದನ್ನು ಪಂಚಾಯತಿ ಮಾಡದಿದ್ದರೆ ಪ್ರತಿ ಮನೆಯ ಹೆಂಗಸು ಮಾಡುತ್ತಾಳೆ, ತನ್ನ ಪಾಲಿನ ನೀರಿನಿಂದ. ಬೋರ್‌ವೆಲ್ ಇದ್ದ ಮನೆಯವರು ಹತ್ತು ಕೊಡ ಬಿಟ್ಟಾರು. ನಾಲ್ಕೇ ಕೊಡ ಸಿಗುವವಳು ಎಷ್ಟು ಬಿಟ್ಟಾಳು?

2016ರ ಏಪ್ರಿಲ್‌ನಲ್ಲಿ ನಮ್ಮದೇ ಜಿಲ್ಲೆಯ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು, 'ಜಲದೂತ'. ಮೊದಲ ಗಾಡಿಯಲ್ಲಿ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಪೇಪರು ತುಂಬ ಅದೇ ಫೋಟೋ. ನನಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ: ಆ ವ್ಯಾಗನ್‌ಗಳನ್ನು ಮೊದಲು ರಾಜಸ್ಥಾನದ ಕೋಟಾದಲ್ಲಿ ಹಬೆ ಹಾಯಿಸಿ ತೊಳೆದು ತಂದಿದ್ದರು. ರೈಲಿನ ಡಬ್ಬಿ ತೊಳೆಯಬೇಕು ಅನ್ನೋದು ಎಲ್ಲರಿಗೂ ಹೊಳೆಯುತ್ತದೆ, ಅದು ಕಣ್ಣಿಗೆ ಕಾಣುವ ಪಾತ್ರೆ. ಓಣಿಯ ಪೈಪು ಕಾಣದ ಪಾತ್ರೆ.

ಗಡಿಯ ಮಾತು ಬಿಟ್ಟು ಜತ್ತದ ನೀರಿನ ಮಾತು ಮುಗಿಯುವುದಿಲ್ಲ. ಚಿಕ್ಕದಾಗಿ ಹೇಳ್ತೇನೆ. ಡಫಳೆಯವರ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ನಾವು ಮಹಾರಾಷ್ಟ್ರದವರಾದೆವು. ನೀರಿಗಾಗಿ ಕರ್ನಾಟಕಕ್ಕೆ ಹೋಗ್ತೇವೆ ಅಂತ ಇಲ್ಲಿನ ಹಳ್ಳಿಗಳು ಠರಾವು ಮಾಡಿದ್ದುಂಟು. 2022ರ ಕೊನೆಗೆ ಅತ್ತಲಿನ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ನಮ್ಮ ಗಡಿಹಳ್ಳಿಗಳಿಗೆ ಹರಿದದ್ದೂ ಉಂಟು. ವಿಜಯನಗರ ಕಾಲದ, 1369ರ ಪೊರುಮಾಮಿಳ್ಳ ಶಾಸನ ಕಡಪ ಜಿಲ್ಲೆಯಲ್ಲಿದೆ. ಕೆರೆಗೆ ಇರಬೇಕಾದ 12 ಅಂಗಗಳನ್ನೂ ಇರಬಾರದ 6 ದೋಷಗಳನ್ನೂ ಅದು ಹೇಳುತ್ತದೆ. ಕಟ್ಟೆ ಸೋರುವುದು ಒಂದು ದೋಷ, ಸವುಳು ಮಣ್ಣು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಇರುವುದೂ ಒಂದು ದೋಷ. ಇದನ್ನು ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ಮಂಡನೆ ಇಷ್ಟು. ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ, ಓದ್ತೇನೆ.

ಮೊದಲನೆಯದು, "ನಿಮ್ಮ ಅಜ್ಜಿಯ ಪದ್ಧತಿಯೇ ಸಾಕಲ್ಲ, ಮತ್ತೆ ಯಂತ್ರ ಯಾಕೆ?" ಸಾಕಾಗುವುದಿಲ್ಲ ಸರ್. ಮನೆಯ ನಳದ ಅರ್ಧ ಇಂಚಿನ ಬಾಯಿಂದ ನೀರು ಬಿಟ್ಟರೆ ಮನೆಗೆ ಬಂದ ಸಣ್ಣ ಕೊಳವೆ ತೊಳೆದೀತು, ಓಣಿಯ ನಾಲ್ಕಿಂಚಿನ ಪೈಪಿನಲ್ಲಿ ಹೂಳು ಎಬ್ಬಿಸುವ ರಭಸ ಹುಟ್ಟುವುದಿಲ್ಲ. ಅದಕ್ಕೆ ದೊಡ್ಡ ಬಾಯಿಯೇ ತೆರೆಯಬೇಕು. ಆಯಿ ಮಾಡುವುದು ರಕ್ಷಣೆ, ಸ್ವಚ್ಛತೆಯಲ್ಲ.

ಎರಡನೆಯದು, ಧಾರವಾಡದ ಮೇಡಂ ಕೇಳಿದ್ದು: "ಚೆಲ್ಲುವ ನೀರನ್ನು ಬಳಸಲು ಬರುವುದಿಲ್ಲವೇ?" ಬರ್ತದೆ ಮೇಡಂ. ಹೂಳಿನ ನೀರು ವಿಷವಲ್ಲ, ಕುಡಿಯೋಕೆ ಆಗೋದಿಲ್ಲ ಅಷ್ಟೇ. ಸ್ಕೌರ್ ವಾಲ್ವಿನ ಬಾಯನ್ನು ಗಟಾರಕ್ಕೆ ತಿರುಗಿಸುವ ಬದಲು ದನದ ತೊಟ್ಟಿಗೆ, ಗಿಡಗಳಿಗೆ ತಿರುಗಿಸಬಹುದು. ವಾಲ್ವಿನ ಬಾಯಿ ಚರಂಡಿಯಲ್ಲಿ ಮುಳುಗಿದ್ದರೆ ಅಲ್ಲಿಂದಲೇ ಹೊಲಸು ಒಳಗೆ ಹೋಗುವ ಅಪಾಯವೂ ಇದೆ, ಹೀಗಾಗಿ ಎತ್ತರಿಸುವುದು ಹೇಗೂ ಒಳ್ಳೆಯದು. ಹೋದ ಬೇಸಿಗೆ ನಮ್ಮ ಓಣಿಯ ತುದಿಯ ವಾಲ್ವ್ ಬಹಳ ದಿನಗಳ ಮೇಲೆ ತೆರೆದರು. ಜಂಗು ಹಿಡಿದಿತ್ತು, ಇಬ್ಬರು ಸೇರಿ ಪಾನಾ ಹಾಕಿ ತಿರುವಿದರು. ಮೊದಲು ಕರಿ ನೀರು, ಆಮೇಲೆ ಕೆಂಪು. ಬೈಯಲಿಕ್ಕೆ ಬಂದ ಹೆಂಗಸರೇ ಮನೆಗೆ ಓಡಿ ಬಕೆಟ್ಟು ತಂದರು, ಎಮ್ಮೆಗೆ, ಬಟ್ಟೆಗೆ ಅಂತ. ನೀರು ತಿಳಿಯಾಗುವಷ್ಟರಲ್ಲಿ ಪಾಳಿ ಹಚ್ಚಿತ್ತು. ನೀರು ಬಿಡಾಂವ "ಸಾಕು, ಮುಚ್ತೀನಿ" ಅಂದ. ಆಯಿ ಅವನ ಕೈ ಹಿಡಿದು, "ಇನ್ನೊಂದ ಐದ ಮಿನಿಟ ಬಿಡಪಾ, ಇನ್ನೂ ಕೆಂಪ ಐತಿ" ಅಂದಳು.